ಮಂಗಫ್‌ನಲ್ಲೊಂದು ಸರ್ಕಾರಿ ಕಿಟಕಿ

ಅನ್ನಪೂರ್ಣೆವ್ವ ಕುವೈತಿಗೆ ಬಂದಿಳಿದ ಮೂರನೆಯ ದಿನ, ಮಂಗಫ್‌ನಲ್ಲಿದ್ದ ಮಗಳ ಮನೆಯ ಹಾಲಿನಲ್ಲಿ ಒಬ್ಬ ಚೀನೀ ಹೆಣ್ಣುಮಗಳು ಗೋಡೆಗೆ ಮುಖ ಮಾಡಿ ನಿಂತು ಭಾಷಣ ಮಾಡುತ್ತಿದ್ದಳು. ಶುಕ್ರವಾರದ ರಜೆ. ಮಧ್ಯಾಹ್ನದ ನಿದ್ದೆ ಮುಗಿಸಿ, ಶಾಲು ಹೊದ್ದು ಹೊರಬಂದ ಅನ್ನಪೂರ್ಣೆವ್ವ ಬಾಗಿಲಲ್ಲೇ ನಿಂತಳು. ಆ ಹುಡುಗಿ ಕಪ್ಪು ಕೋಟು ತೊಟ್ಟು, ಕೈಗಳನ್ನು ಸೊಂಟದ ಹತ್ತಿರ ಕಟ್ಟಿಕೊಂಡು, ಒಂದೇ ಉಸಿರಿಗೆ ಮಾತಾಡುತ್ತಿದ್ದಳು. ಮೊಬೈಲು ಟಿಣ್ ಅಂದಾಗ ನಿಲ್ಲಿಸಿ, ನೀರು ಕುಡಿದು, ಮತ್ತೆ ಗೋಡೆಗೆ ತಿರುಗುತ್ತಿದ್ದಳು.

ಸ್ನೇಹಾ ತಾಯಿಯ ಕೈ ಹಿಡಿದು ಅಡಿಗೆಮನೆಗೆ ಎಳಕೊಂಡು ಹೋದಳು.

"ನಮ್ಮ ಪ್ರಾಜೆಕ್ಟ್ ಆಫೀಸಿನಾಕಿ, ಲಿಯಾಂಗ್ ಅಂತ. ಚೀನಾ ಕಂಪನಿ ಎಂಜಿನಿಯರ್. ಇಂಟರ್‌ವ್ಯೂಗೆ ಪ್ರಾಕ್ಟೀಸ್ ಮಾಡಾಕತ್ಯಾಳವ್ವ. ಆಕಿ ರೂಮಿನಾಗ ಇನ್ನೂ ನಾಕು ಮಂದಿ ಅದಾರ, ಎಲ್ಲಾ ಅದೇ ಕಂಪನಿಯವರು. ಗೊತ್ತಾದ್ರ ಮ್ಯಾನೇಜರ್ ಕಿವಿಗೆ ಬೀಳ್ತದ. ಅದಕ್ಕ ಇಲ್ಲಿ ಬಾ ಅಂದೆ."

"ಯಾವ ಕೆಲಸಕ್ಕ ಇಂಟರ್‌ವ್ಯೂ?"

"ಸರ್ಕಾರಿ ನೌಕರಿ. ಅವರ ಊರಿನ ತೆರಿಗೆ ಆಫೀಸು. ನಮ್ಮ ತಾಲೂಕ ಆಫೀಸ್ ಇದ್ದಂಗ ಅಂತ ತಿಳಕೋ."

ಅನ್ನಪೂರ್ಣೆವ್ವ ರಾಯಚೂರು ಕಡೆಯ ತಾಲ್ಲೂಕು ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು, ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರಳಾಗಿ ನಿವೃತ್ತಳಾದವಳು. ಅದರಲ್ಲಿ ಹೆಚ್ಚು ಕಾಲ ಕಳೆದದ್ದು ಪಿಂಚಣಿ ವಿಭಾಗದ ಕಿಟಕಿಯ ಹಿಂದೆ. ಒಂದು ತಿಂಗಳ ವೀಸಾದ ಮೇಲೆ ಮಗಳ ಮನೆಗೆ ಬಂದಿದ್ದಳು. ತಾಲೂಕ ಆಫೀಸು ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಮತ್ತೊಮ್ಮೆ ಹಾಲಿನೊಳಗೆ ಇಣುಕಿ ನೋಡಿದಳು.

ರಾತ್ರಿ ಊಟಕ್ಕೆ ಲಿಯಾಂಗಳನ್ನು ಉಳಿಸಿಕೊಂಡರು. ಸ್ನೇಹಾಳ ಗಂಡ ಅಮರೇಶ ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್. ಬೆಳಗಿನ ಐದಕ್ಕೆ ಕಂಪನಿ ಬಸ್ಸು ಹತ್ತುವ ಮನುಷ್ಯ. ರೊಟ್ಟಿ ಮುರಿಯುತ್ತಲೇ ಮೊಬೈಲಿನಲ್ಲಿ ಏನೋ ಹುಡುಕಿ ಹುಬ್ಬೇರಿಸಿದ.

"ಅತ್ತೇರ, ಈಕಿ ಓದಿದ್ದು ಬೀಜಿಂಗಿನ ಛಿಂಗ್‌ಹ್ವಾ. ಅಂದ್ರ ನಮ್ಮ ಐಐಟಿನೂ ಅದರ ಮುಂದ ತಲಿ ತಗ್ಗಿಸಬೇಕು. ಅಲ್ಲಿ ಓದಿ, ಇಲ್ಲಿ ಇಷ್ಟು ದೊಡ್ಡ ಕೆಲಸ ಬಿಟ್ಟು, ತಾಲೂಕ ಆಫೀಸಿನ ಕಿಟಕಿಗೆ ಕೂಡ್ರಾಕ ಹೊಂಟಾಳ. ತಲಿ ಅದ ಇಲ್ಲ ಕೇಳ್ರಿ."

ಕೇಳುವುದು ಕಷ್ಟವಿರಲಿಲ್ಲ. ಲಿಯಾಂಗ್ ಗಲ್ಫಿನ ಸೈಟುಗಳಲ್ಲಿ ಎಂಟು ವರ್ಷ ಕಳೆದು ಫೋರ್‌ಮನ್‌ಗಳಿಂದ, ವೆಲ್ಡರುಗಳಿಂದ ಹಿಂದಿ ಕಲಿತವಳು. ಅನ್ನಪೂರ್ಣೆವ್ವನ ಹಿಂದಿ ರಾಯಚೂರಿನ ಸಂತೆಯದು. ಎರಡೂ ಮುರುಕು, ಆದರೆ ಮುರಿದ ಜಾಗಗಳು ಹೇಗೋ ಒಂದಕ್ಕೊಂದು ಕೂಡುತ್ತಿದ್ದವು. ತೀರಾ ಕಟ್ಟಿಕೊಂಡಾಗ ಸ್ನೇಹಾ ಇಂಗ್ಲಿಷಿನಿಂದ ಬಿಡಿಸುತ್ತಿದ್ದಳು.

ಅಳಿಯನ ಪ್ರಶ್ನೆಯನ್ನು ಅನ್ನಪೂರ್ಣೆವ್ವ ಮೆತ್ತಗೆ ಮಾಡಿ ಕೇಳಿದಳು. ಲಿಯಾಂಗ್ ನಕ್ಕಳು. ಎಲ್ಲರೂ ಇದನ್ನೇ ಕೇಳುತ್ತಾರೆ ಅಂದಳು. ಅವಳ ತರಗತಿಯಲ್ಲಿ ಇಪ್ಪತ್ತೆಂಟು ಮಂದಿ. ಹನ್ನೊಂದು ಜನ ಹೊರದೇಶಕ್ಕೆ ಓದಲು ಹೋದರು, ಉಳಿದವರಲ್ಲಿ ಹೆಚ್ಚಿನವರು ದೊಡ್ಡ ಕಂಪನಿಗಳಿಗೆ. ಮೂವರು ಮಾತ್ರ ಆಗಲೇ ಸರ್ಕಾರಿ ನೌಕರಿ ಹಿಡಿದರು, ಅವರನ್ನು ಉಳಿದವರು ಆಡಿಕೊಂಡರು. ಈಗ ಗಾಳಿ ತಿರುಗಿದೆ. ಅವಳಿಗಿಂತ ಹತ್ತು ವರ್ಷ ಕಿರಿಯರು ಪದವಿಯ ಕಾಗದ ಕೈಗೆ ಬರುವ ಮೊದಲೇ ಈ ಪರೀಕ್ಷೆಯ ಪುಸ್ತಕ ತೆರೆಯುತ್ತಾರೆ.

"ನೀನ್ಯಾಕ ಈ ಪರೀಕ್ಷೆ ಬರದಿ?"

ಲಿಯಾಂಗ್ ರೊಟ್ಟಿಯ ಚೂರನ್ನು ಎಣ್ಣೆಗಾಯಿಯಲ್ಲಿ ಅದ್ದಿದಳು. "ನನಗೆ ಮೂವತ್ನಾಲ್ಕು. ಮೂವತ್ತೈದು ದಾಟಿದರೆ ಪರೀಕ್ಷೆ ಖಲಾಸ್. ಮೂವತ್ತೈದು ದಾಟಿದರೆ ಕಂಪನಿಯೂ ನಿಮ್ಮನ್ನು ಬೇರೆ ಕಣ್ಣಿಂದ ನೋಡುತ್ತದೆ. ಅದೊಂದು ಭಯ, ಸುಳ್ಳು ಯಾಕೆ ಹೇಳಲಿ? ಇನ್ನೊಂದು ಮಾತು ಅಂದರೆ, ಮೂರು ದೇಶದಲ್ಲಿ ಕೆಲಸ ಮಾಡಿದ್ದೇನೆ ಅಮ್ಮಾ. ಪ್ರಾಜೆಕ್ಟ್ ಮುಗಿದ ದಿನ ಕ್ಯಾಂಪ್ ಕಿತ್ತು ಲಾರಿಗೆ ಹಾಕುತ್ತಾರೆ. ನಾನಿದ್ದೆ ಅನ್ನುವುದಕ್ಕೆ ಒಂದು ಗುರುತಿರುವುದಿಲ್ಲ. ಒಂದೇ ಕಡೆ ಕೂತು, ಒಂದೇ ಊರಿನವರಿಗೆ ಕೆಲಸ ಮಾಡಿಕೊಡಬೇಕು ಅನ್ನಿಸಿದೆ."

ಅವಳ ಊರು ಗಾನ್ಸು ಪ್ರಾಂತ್ಯದ ಒಂದು ಸಣ್ಣ ಪಟ್ಟಣ. ಯಾವ ಪದವಿ ಇದ್ದರೂ ಸರಿ ಅಂತಿದ್ದ ಹುದ್ದೆ ಅಲ್ಲಿ ಒಂದೇ ಒಂದು. ಆರುನೂರಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ದರು. ಡಿಸೆಂಬರಿನಲ್ಲಿ ರಜೆ ಹಾಕಿ ಹೋಗಿ ಲಿಖಿತ ಪರೀಕ್ಷೆ ಬರೆದಿದ್ದಳು. ಸಂದರ್ಶನಕ್ಕೆ ಕರೆದದ್ದು ಮೂವರನ್ನು, ಆ ಮೂವರಲ್ಲಿ ಅವಳು ಮೂರನೆಯವಳು. ಫೆಬ್ರವರಿಯ ನಾಲ್ಕನೇ ಶನಿವಾರ ಸಂದರ್ಶನ.

ಮರುದಿನ ಶನಿವಾರವೂ ಅವಳು ಬಂದಳು. ಗೋಡೆಯ ಮುಂದೆ ನಿಂತಳು. ಅನ್ನಪೂರ್ಣೆವ್ವ ಸೋಫಾದ ಮೇಲೆ ಕಾಲು ಮಡಚಿ ಕೂತು ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದಳು. ಭಾಷೆ ತಿಳಿಯದಿದ್ದರೂ ಧಾಟಿ ತಿಳಿಯುತ್ತಿತ್ತು. ಸರ್ಕಾರದ ಸುತ್ತೋಲೆಯನ್ನು ಯಾರೋ ಗಟ್ಟಿಯಾಗಿ ಓದಿದ ಹಾಗಿತ್ತು.

"ಲಿಂಗವ್ವ, ಏನು ಪ್ರಶ್ನೆ ಅದು?" ಅಂದಳು. ಲಿಯಾಂಗ್ ಅನ್ನುವುದು ಅವಳ ಬಾಯಲ್ಲಿ ಎರಡೇ ದಿನಕ್ಕೆ ಲಿಂಗವ್ವ ಆಗಿತ್ತು.

ಲಿಯಾಂಗ್ ವಿವರಿಸಿದಳು. ಒಬ್ಬ ಮುದುಕ ಕಚೇರಿಗೆ ಬರುತ್ತಾನೆ. ಬೇಕಾದ ಕಾಗದ ತಂದಿಲ್ಲ. ಮೂರನೇ ಸಲ ಬಂದಿದ್ದೇನೆ ಅಂತ ಕೂಗಾಡುತ್ತಾನೆ. ಹಿಂದೆ ಸಾಲು ನಿಂತಿದೆ. ನೀವೇನು ಮಾಡುತ್ತೀರಿ?

ಅನ್ನಪೂರ್ಣೆವ್ವನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. "ಇದನ್ನ ಪರೀಕ್ಷೆದಾಗ ಕೇಳ್ತಾರಾ?"

"ಇಂಥವೇ ಕೇಳುತ್ತಾರೆ."

"ಏನಂತ ಹೇಳಿದಿ?"

"ಮೊದಲು ಅವನ ಕೋಪ ಶಮನ ಮಾಡುತ್ತೇನೆ. ಎರಡನೆಯದು, ನಿಯಮ ತಿಳಿಸುತ್ತೇನೆ. ಮೂರು, ಮೇಲಧಿಕಾರಿಗೆ ವರದಿ ಮಾಡುತ್ತೇನೆ. ನಾಲ್ಕು, ಮುಂದೆ ಹೀಗಾಗದಂತೆ ಅನುಭವವನ್ನು ಕ್ರೋಡೀಕರಿಸುತ್ತೇನೆ."

"ನಾಕು ಮಾತು ಚೊಲೊ ಅದಾವ," ಅಂದಳು ಅನ್ನಪೂರ್ಣೆವ್ವ. "ಅದರಾಗ ಮುದುಕ ಎಲ್ಲಿ ಹೋದ? ನಿಂತಾನೋ, ಕುಂತಾನೋ? ನೀರು ಕುಡದಾನೋ, ಇಲ್ಲೋ?"

ಲಿಯಾಂಗ್ ಗೋಡೆ ಬಿಟ್ಟು ಬಂದು ಅವಳ ಎದುರು ಕೂತಳು.

ಅವತ್ತೇ ಊಟದ ಟೇಬಲ್ಲನ್ನು ಹಾಲಿನ ನಡುವಿಗೆ ಎಳೆದು ಕಿಟಕಿ ಮಾಡಿದರು. ಒಳಗಡೆ ಲಿಯಾಂಗ್, ಹೊರಗಡೆ ಅನ್ನಪೂರ್ಣೆವ್ವ. ಅವಳು ಸೆರಗನ್ನು ತಲೆಗೆ ಸುತ್ತಿ ಮುದುಕನಾದಳು, ಕಂಕುಳಲ್ಲಿ ಹತ್ತು ಫೈಲು ಹಿಡಿದ ದಲ್ಲಾಳಿಯಾದಳು, ಏನು ಕೇಳಿದರೂ ಬಾಯಿಬಿಡದೆ ನೆಲ ನೋಡುವ ಸೊಸೆಯಾದಳು. ಒಂದೊಂದು ಸಲವೂ ಲಿಯಾಂಗ್ ನಿಯಮ ಹೇಳಲು ಹೊರಟು ಸೋತಳು. ಅನ್ನಪೂರ್ಣೆವ್ವ ಕೂಗಾಡಿದಳು, ಅತ್ತಳು, ಸಿಟ್ಟಾಗಿ ಹೊರಟೇಹೋದಳು. ಅಮರೇಶ ಒಳಗೆ ಕೂತು ನಗುತ್ತಿದ್ದ.

ಆದರೆ ನಾಲ್ಕಾರು ದಿನ ಹೀಗೆ ನಡೆದ ಮೇಲೆ ಲಿಯಾಂಗಳ ಸಹನೆ ಮುಗಿಯಿತು. ಅವಳು ಆನ್‌ಲೈನಿನಲ್ಲಿ ಕೋಚಿಂಗಿಗೂ ಸೇರಿದ್ದಳು. ಅಲ್ಲಿನವರು ಅಂಶವಾರು ಹೇಳು, ಅಂಶಕ್ಕೇ ಅಂಕ ಅನ್ನುತ್ತಿದ್ದರು. ಇಲ್ಲಿ ಈ ಮುದುಕಿ ಅಂಶವನ್ನೇ ಬಿಡು ಅನ್ನುತ್ತಿದ್ದಳು. ಒಂದು ಸಂಜೆ ಆಫೀಸಿನಿಂದ ನೇರ ಬಂದವಳು, ದಣಿದಿದ್ದಳು, ಕುರ್ಚಿಯಲ್ಲಿ ಕುಸಿದು ಕೇಳಿದಳು.

"ಅಮ್ಮಾ, ನಿಮ್ಮ ಪರೀಕ್ಷೆಯಲ್ಲಿ ನೀವು ಎಷ್ಟನೇ ಸ್ಥಾನ ಬಂದಿದ್ದಿರಿ?"

ನೋಯಿಸಬೇಕು ಅಂತ ಕೇಳಿದ್ದಲ್ಲ. ಆದರೂ ಸ್ನೇಹಾ ಚಟಕ್ಕನೆ ತಲೆಯೆತ್ತಿದಳು.

ಅನ್ನಪೂರ್ಣೆವ್ವ ತಲೆಗೆ ಸುತ್ತಿದ್ದ ಸೆರಗನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. "ನಾ ಪರೀಕ್ಷೆ ಬರದಿಲ್ಲವ," ಅಂದಳು. "ಆ ಕುರ್ಚಿ ನನ್ನ ಗಂಡನದು, ರಾಯಪ್ಪನವರದು. ಮೂವತ್ತಾರನೇ ವಯಸ್ಸಿಗೆ ಎದಿನೋವು ಬಂದು ಹೋದರು. ಸ್ನೇಹಾ ಆಗ ಹೊಟ್ಟ್ಯಾಗ ಇದ್ಲು. ಸರ್ಕಾರದವರು ಕರುಣೆ ಮ್ಯಾಲ ನನ್ನ ಆ ಕುರ್ಚಿಗೆ ಕೂಡ್ರಿಸಿದರು. ಗಂಡ ಸತ್ತ ನೌಕರಿ ಅಂತಿದ್ರು ಹಿಂದ. ಹೊಸದಾಗಿ ಪರೀಕ್ಷೆ ಪಾಸಾಗಿ ಬಂದ ಹುಡುಗರೂ ಅಂತಿದ್ರು. ನಾ ಶಿರಸ್ತೇದಾರಳಾದ ದಿನಾನೂ ಅಂದ್ರು."

ಇಷ್ಟನ್ನು ಸ್ನೇಹಾ ಇಂಗ್ಲಿಷಿನಲ್ಲಿ ಹೇಳಿದಳು. ತಾಯಿ ಈ ಮಾತನ್ನು ಅವಳ ಮುಂದೆಯೂ ಎಂದೂ ಆಡಿರಲಿಲ್ಲ. ಲಿಯಾಂಗ್ ಎದ್ದು ಬ್ಯಾಗು ತೆಗೆದುಕೊಂಡು ಬೇಗನೆ ಹೊರಟಳು.

"ಅವರ ಕೋಚಿಂಗೇ ಬ್ಯಾರೆ, ನಮ್ಮ ತಾಲೂಕ ಆಫೀಸೇ ಬ್ಯಾರೆ. ಬಿಡ್ರಿ ಅತ್ತೇರ," ಅಂದ ಅಮರೇಶ.

"ಬ್ಯಾರೆ ಇರಬಹುದು," ಅಂದಳು ಅನ್ನಪೂರ್ಣೆವ್ವ. ಟೇಬಲ್ಲನ್ನು ತಾನೇ ತಳ್ಳಿಕೊಂಡು ಹೋಗಿ ಅದರ ಜಾಗಕ್ಕೆ ಹಚ್ಚಿದಳು. ಇನ್ನು ಆ ಹುಡುಗಿ ಬರುವುದಿಲ್ಲ ಅಂತಲೇ ಅವಳ ಲೆಕ್ಕ.

ಬಂದಳು. ಶುಕ್ರವಾರ ಬೆಳಿಗ್ಗೆ ಕಾರು ತಂದು ಕೆಳಗೆ ನಿಂತಿದ್ದಳು. ಭಾರತದವರೇ ಹೆಚ್ಚಿರುವ ಅಬ್ಬಾಸಿಯಾ ಬಡಾವಣೆಗೆ ಕರೆದುಕೊಂಡು ಹೋಗುತ್ತೇನೆ ಅಂತ ಸ್ನೇಹಾಳಿಗೆ ಮೊದಲೇ ಮಾತು ಕೊಟ್ಟಿದ್ದಳು, ಮಾತು ತಪ್ಪುವ ಹೆಣ್ಣಲ್ಲ. ದಾರಿಯುದ್ದಕ್ಕೂ ರಾಷ್ಟ್ರೀಯ ದಿನಕ್ಕೆಂದು ಕಟ್ಟಿದ ಬಾವುಟಗಳು ತಣ್ಣನೆ ಗಾಳಿಗೆ ಪಟಪಟ ಅನ್ನುತ್ತಿದ್ದವು.

ಜೋಳದ ಹಿಟ್ಟು ಸಿಗುವ ಅಂಗಡಿಯ ಪಕ್ಕ ಒಂದು ಟೈಪಿಂಗ್ ಸೆಂಟರು. ಅರ್ಜಿ ತುಂಬಿಕೊಡುವ, ಕಾಗದ ಜೋಡಿಸಿಕೊಡುವ ಅಂಗಡಿ. ಸ್ನೇಹಾ ಹಿಟ್ಟು ತೂಗಿಸುತ್ತಿದ್ದಾಗ ಅಲ್ಲಿಂದ ಕೂಗು ಕೇಳಿತು. ಕನ್ನಡದ ಕೂಗು, ಅದೂ ತಮ್ಮ ಸೀಮೆಯದು. ಅನ್ನಪೂರ್ಣೆವ್ವ ಆ ಕಡೆ ನಡೆದಳು. ಲಿಯಾಂಗ್ ಹಿಂದೆ ಹೋದಳು.

ಐವತ್ತು ದಾಟಿದ ಒಬ್ಬ ಗಾರೆ ಕೆಲಸದವನು ಕೌಂಟರಿನ ಮುಂದೆ ನಿಂತು ಕೂಗಾಡುತ್ತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಹೆಸರು ಶರಣು ಅಂದ. ಪಾಸ್‌ಪೋರ್ಟ್ ನವೀಕರಿಸಬೇಕು. ಪಾಸ್‌ಪೋರ್ಟಿನಲ್ಲಿ ಶರಣಪ್ಪ ಅಂತ ಇದೆ, ಊರಿನ ಉಳಿದ ಕಾಗದಗಳಲ್ಲಿ ಶರಣು ಅಂತ. ಇದು ನಡೆಯುವುದಿಲ್ಲ ಅಂತ ಅಂಗಡಿಯವನು ಎರಡು ಸಲ ವಾಪಸು ಕಳಿಸಿದ್ದ. "ಎಲ್ಲಾ ತಂದೀನಿ, ಎಲ್ಲಾ ಅದಾವ" ಅಂತ ಇವನು, "ಇಲ್ಲ ಭಾಯಿ, ಇಲ್ಲ" ಅಂತ ಅವನು.

ಅನ್ನಪೂರ್ಣೆವ್ವ ಜಗಳಕ್ಕೆ ಹೋಗಲಿಲ್ಲ. ಬೆಂಚಿನ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು.

"ಕೂಡ್ರಪಾ ತಮ್ಮ. ಯಾವೂರು? ಚಾ ಕುಡದೀಯೋ? ಕೊಡು ಇಲ್ಲಿ, ಏನೇನು ತಂದೀ ನೋಡೂಣು."

ಶರಣು ಕೂತ. ಕೂತದ್ದೇ ಅವನ ದನಿ ಅರ್ಧ ಇಳಿಯಿತು. ಅವಳು ಚೀಲದಿಂದ ಒಂದೊಂದೇ ಕಾಗದ ತೆಗೆದು ತೊಡೆಯ ಮೇಲೆ ಹರವಿದಳು. ಪಾಸ್‌ಪೋರ್ಟ್ ಅದ, ಚೊಲೊ ಆತು. ಇಲ್ಲಿ ಇರಾಕ ಕೊಟ್ಟ ಇಕಾಮಾ ಪರವಾನಗಿ ನಕಲು ಅದ, ಅದೂ ಸರಿ. ಫೋಟೋ ಅದಾವ. ಇದ್ದದ್ದನ್ನೆಲ್ಲ ಮೊದಲು ಹೆಸರಿಟ್ಟು ಹೇಳಿದಳು. ಚೀಲದ ತಳದಲ್ಲಿ ನಾಲ್ಕು ಮಡಿಕೆಯಾಗಿ, ಹಳದಿಯಾಗಿ ಬಿದ್ದಿದ್ದ ಒಂದು ಕಾಗದ ಸಿಕ್ಕಿತು. ಅವಳು ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಊರ ಶಾಲೆಯ ದಾಖಲೆ. ಅದರಲ್ಲಿ ಶರಣಪ್ಪ ಅಂತಲೇ ಇತ್ತು, ಜನ್ಮದಿನಾಂಕವೂ ಪಾಸ್‌ಪೋರ್ಟಿನದೇ.

"ಇದನ್ನ ಯಾಕ ತೋರಿಸಲಿಲ್ಲ?"

"ಹಳೇದು, ಹರದದ ಅಂತ ಬಿಟ್ಟೆ ಯಕ್ಕ. ಯಾರೂ ಕೇಳಲಿಲ್ಲ."

ಅವಳು ಆ ಕಾಗದವನ್ನು ಎಲ್ಲದರ ಮೇಲಿಟ್ಟು ಕೌಂಟರಿಗೆ ಕೊಟ್ಟಳು. ಅಂಗಡಿಯವನು ಓದಿದ, ತಿರುಗಿಸಿ ನೋಡಿದ, ಇದಿದ್ದರೆ ಸಾಕು ಅಂದ. ಅಷ್ಟಕ್ಕೇ ಬಿಡಲಿಲ್ಲ ಅನ್ನಪೂರ್ಣೆವ್ವ. ಯಾವ ವಾರ, ಎಷ್ಟು ಗಂಟೆಗೆ, ಪಾಸ್‌ಪೋರ್ಟ್ ಕಚೇರಿಯ ಯಾವ ಕಿಟಕಿಗೆ ಹೋಗಬೇಕು ಅಂತ ಅವನ ಬಾಯಿಂದ ಕೇಳಿ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಶರಣುವಿನ ಕಿಸೆಗೆ ತುರುಕಿದಳು. ಅವನು ಎರಡೂ ಕೈ ಮುಗಿದು ನಿಂತ. ಸಾಲಿನಲ್ಲಿದ್ದ ಇನ್ನಿಬ್ಬರು ತಮ್ಮ ಚೀಲಗಳನ್ನು ಅವಳ ಮುಂದೆ ಚಾಚಿದರು. ಅವರನ್ನೂ ಮುಗಿಸಿಯೇ ಎದ್ದಳು.

ಲಿಯಾಂಗ್ ಅಷ್ಟೂ ಹೊತ್ತು ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಮಾತು ಒಂದೂ ತಿಳಿದಿರಲಿಲ್ಲ, ನಡೆದದ್ದೆಲ್ಲ ತಿಳಿದಿತ್ತು.

ಸಂಜೆ ಮಂಗಫ್‌ಗೆ ಬಂದ ಮೇಲೆ ಅವಳೇ ಟೇಬಲ್ಲನ್ನು ನಡುವಿಗೆ ಎಳೆದಳು. ಹಿಂದೆ ಕೂತು, ಬೆನ್ನು ನೆಟ್ಟಗೆ ಮಾಡಿ, "ಲಾವ್‌ಶಿ, ಇನ್ನೊಂದು ಸಲ," ಅಂದಳು.

"ಏನಂದಳು?" ಅನ್ನಪೂರ್ಣೆವ್ವ ಮಗಳ ಕಡೆ ತಿರುಗಿದಳು.

ಸ್ನೇಹಾ ಲಿಯಾಂಗಳನ್ನೇ ಕೇಳಿ ತಿಳಿದುಕೊಂಡು ಹೇಳಿದಳು. "ಗುರು ಅಂತ, ಅವ್ವ. ಅವರ ಭಾಷಾದಾಗ ಗುರುಗಳಿಗೆ ಹಂಗಂತಾರಂತ."

ಅನ್ನಪೂರ್ಣೆವ್ವ ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದಳು. ಆಮೇಲೆ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿದಳು.

ಅಲ್ಲಿಂದ ಮುಂದಿನದು ಪಾಠವೇ. "ಮೊದಲ ಇದ್ದದ್ದು ಹೇಳು, ಆಮ್ಯಾಲ ಇಲ್ಲದ್ದು ಹೇಳು. ಬರೀಗೈಲೆ ಯಾರೂ ಬಂದಿರೂದಿಲ್ಲ," ಅನ್ನುತ್ತಿದ್ದಳು. "ನಾಳೆ ಬಾ ಅನ್ನಬ್ಯಾಡ. ನಾಳೆ ಅನ್ನೂದು ಸರ್ಕಾರದಾಗ ಬೈಗಳ ಇದ್ದಂಗ." "ಒದರಾವನ್ನ ಕಂಡು ಅಂಜಬ್ಯಾಡ, ಅವ ಕೇಳಿ ತಗೋತಾನ. ಸುಮ್ಮನ ನಿಂತಾಕಿನ್ನ ಹುಡುಕು." ಲಿಯಾಂಗ್ ಅದನ್ನೆಲ್ಲ ಬರೆದುಕೊಂಡಳು. ಆದರೆ ಎಂಜಿನಿಯರ್ ಬುದ್ಧಿ ಅವಳನ್ನು ಬಿಡಲಿಲ್ಲ, ಬಿಡಲೂಬೇಕಿರಲಿಲ್ಲ. ಕೋಚಿಂಗಿನ ಒಂದು, ಎರಡು, ಮೂರು, ನಾಲ್ಕನ್ನು ಹಾಗೇ ಇಟ್ಟುಕೊಂಡು, ಪ್ರತಿಯೊಂದರ ಒಳಗೂ ಒಬ್ಬ ಮನುಷ್ಯನನ್ನು ನಿಲ್ಲಿಸುವುದನ್ನು ಕಲಿತಳು. ಅನ್ನಪೂರ್ಣೆವ್ವನಿಗೆ ಅದು ಹೊಳೆದಿರಲಿಲ್ಲ. "ನನಗಿಂತ ಚೊಲೊ ಹೇಳಾಕತ್ತಿ ಬಿಡು," ಅಂದಳು ಒಂದು ದಿನ, ಮನಸಾರೆ.

ಅಮರೇಶನಿಗೂ ಚಟ ಹತ್ತಿತು. ಡ್ಯೂಟಿ ಮುಗಿಸಿ ಬಂದು, ಬಟ್ಟೆ ಕೂಡ ಬದಲಿಸದೆ, ಜಗಳಗಂಟ ವ್ಯಾಪಾರಿಯಾಗಿ ಟೇಬಲ್ ಗುದ್ದುತ್ತಿದ್ದ. ಒಂದು ಸಲ ಲಿಯಾಂಗ್ ಅವನನ್ನು ಎಷ್ಟು ಚೆನ್ನಾಗಿ ಸಂಭಾಳಿಸಿದಳೆಂದರೆ, ಅವನು ಸಿಟ್ಟನ್ನು ಮರೆತು ನಿಜವಾಗಿಯೂ ತನ್ನ ಊರಿನ ಹೊಲದ ಪಹಣಿಯ ತಕರಾರು ಹೇಳತೊಡಗಿದ.

ಫೆಬ್ರವರಿಯ ಮೂರನೇ ವಾರ ಲಿಯಾಂಗ್ ಮ್ಯಾನೇಜರಿಗೆ ತಾನೇ ನಿಜ ಹೇಳಿ ರಜೆ ಪಡೆದಳು. ಛಿಂಗ್‌ಹ್ವಾ ಓದಿ ಕಿಟಕಿಗೆ ಕೂರುತ್ತೀಯಾ ಅಂತ ಅವನೂ ಕೇಳಿದನಂತೆ. ಕಿಟಕಿಗೆ ಕೂರುವುದು ಗೊತ್ತಿರುವವರು ಕೂರಬೇಕು ಅಂದೆ, ಅಂತ ಫೋನಿನಲ್ಲಿ ಹೇಳಿ ವಿಮಾನ ಹತ್ತಿದಳು.

ಶನಿವಾರ ಬೆಳಿಗ್ಗೆ ಅನ್ನಪೂರ್ಣೆವ್ವನಿಗೆ ಒಂದು ಕಡೆ ಕೂರಲಾಗಲಿಲ್ಲ. ಚೀನಾದ ಗಡಿಯಾರ ಐದು ಗಂಟೆ ಮುಂದೆ ಅಂತ ಅಮರೇಶ ಹೇಳಿದ್ದ. ಎಂಟಕ್ಕೆ ಒಗ್ಗರಣೆ ಹಾಕಿದ ಅವಲಕ್ಕಿ ಒಂಬತ್ತಾದರೂ ತಟ್ಟೆಯಲ್ಲೇ ಇತ್ತು. ಒಂಬತ್ತೂವರೆಗೆ ಸ್ನೇಹಾಳ ಫೋನು ರಿಂಗಣಿಸಿತು.

ತೆರೆಯ ಮೇಲೆ ಲಿಯಾಂಗಳ ಮುಖ, ಹಿಂದೆ ಹಿಮ ಬಿದ್ದ ರಸ್ತೆ. ಅವಳು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಮೊದಲು ಕಥೆಯನ್ನೇ ಹೇಳಿದಳು.

ಏಳು ಜನ ಪರೀಕ್ಷಕರು. ಪ್ರಶ್ನೆ ಹೀಗಿತ್ತಂತೆ: ತೆರಿಗೆ ಕಟ್ಟುವ ಕೊನೆಯ ದಿನ. ಕಂಪ್ಯೂಟರು ಕೆಟ್ಟು ನಿಂತಿದೆ. ಅರವತ್ತು ಜನ ಕಾಯುತ್ತಿದ್ದಾರೆ. ಒಬ್ಬ ಅಂಗಡಿಕಾರ ಬೈಯುತ್ತ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದಾನೆ. ನೀವೊಬ್ಬರೇ ಇದ್ದೀರಿ.

"ಕಿಟಕಿಯ ಹಿಂದಿನಿಂದ ಎದ್ದು ಹೊರಗೆ ಬರುತ್ತೇನೆ ಅಂದೆ. ಚಿತ್ರ ಹಿಡಿಯುವವನಿಗೆ ಹಿಡಿಯಿರಿ ಅನ್ನುತ್ತೇನೆ, ನಾನು ಹೇಳುವುದು ಎಲ್ಲರಿಗೂ ತಲುಪಲಿ. ಅರವತ್ತು ಜನರ ಕಾಗದವನ್ನು ನಿಂತಲ್ಲೇ ನೋಡುತ್ತೇನೆ, ಯಾರದ್ದು ಸರಿಯಾಗಿದೆಯೋ ಅವರಿಗೆ ಮೊದಲು ಹೇಳುತ್ತೇನೆ. ಎಲ್ಲರಿಗೂ ಬಂದ ಹೊತ್ತು ಬರೆದ ಚೀಟಿ ಕೊಡುತ್ತೇನೆ, ಕಂಪ್ಯೂಟರಿನ ತಪ್ಪಿಗೆ ಅವರ ಮೇಲೆ ದಂಡ ಬೀಳಬಾರದು, ಮೇಲಧಿಕಾರಿಗೆ ವರದಿ ಬರೆಯುವುದು ಅದಕ್ಕೇ ಅಂದೆ. ಆಮೇಲೆ, ಗೋಡೆಗೆ ಒರಗಿ ಸುಮ್ಮನೆ ನಿಂತವರು ಯಾರು ಅಂತ ಹುಡುಕುತ್ತೇನೆ ಅಂದೆ. ಅಷ್ಟು ಹೊತ್ತು ತಲೆ ತಗ್ಗಿಸಿ ಬರೆಯುತ್ತಿದ್ದ ಮುಖ್ಯ ಪರೀಕ್ಷಕಿ ಆಗ ತಲೆಯೆತ್ತಿ ನೋಡಿದರು, ಲಾವ್‌ಶಿ."

"ಅಂಕ ಎಷ್ಟವಾ?" ಅಮರೇಶನಿಗೆ ತಾಳ್ಮೆ ಇರಲಿಲ್ಲ.

ಅಂಕವನ್ನು ಅಲ್ಲೇ ಓದಿ ಹೇಳಿದ್ದರು. ಎಂಬತ್ತೆಂಟು. ಉಳಿದಿಬ್ಬರದು ಎಂಬತ್ತೆರಡರ ಆಸುಪಾಸು. ಲಿಖಿತದ್ದನ್ನೂ ಕೂಡಿಸಿದರೆ ಮೂರನೆಯವಳು ಒಂದನೆಯವಳಾಗಿದ್ದಳು. ಇನ್ನು ವೈದ್ಯರ ತಪಾಸಣೆ, ದಾಖಲೆಗಳ ಪರಿಶೀಲನೆ ಬಾಕಿ. ಅವುಗಳ ಅಂಜಿಕೆಯಿಲ್ಲ ಅಂದಳು.

ಸ್ನೇಹಾ ತಾಯಿಯನ್ನು ತಬ್ಬಿಕೊಂಡಳು. ಅನ್ನಪೂರ್ಣೆವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಮೂವತ್ತೊಂದು ವರ್ಷ ಅವಳು ಎಷ್ಟೋ ಜನರ ಅರ್ಜಿ ಮಂಜೂರಾದದ್ದನ್ನು ನೋಡಿದ್ದಳು, ಅವರ ಸಂತೋಷ ನೋಡಿ ಮುಂದಿನ ಫೈಲು ತೆಗೆದಿದ್ದಳು. ಇವತ್ತು ಮಂಜೂರಾದದ್ದು ಯಾರದ್ದೆಂದು ಅವಳಿಗೇ ತಿಳಿಯಲಿಲ್ಲ. ಎದೆ ತುಂಬಿ ಬಂದು, ತಾನು ಎಷ್ಟು ನೆಟ್ಟಗೆ ಕೂತಿದ್ದೇನೆ ಎಂದು ಅವಳಿಗೇ ಬೆರಗಾಯಿತು.

"ನಿನ್ನ ಮುಂದ ಸಾಲು ನಿಂತ ದಿನ ಒಂದು ಫೋಟೋ ಕಳಿಸು, ಲಿಂಗವ್ವ," ಅಂದಳು.

ಮರುದಿನ ಭಾನುವಾರ, ಅಲ್ಲಿ ವಾರದ ಮೊದಲ ಕೆಲಸದ ದಿನ, ಆಫೀಸು ಬಿಡುವ ಹೊತ್ತಿಗೆ ಸುದ್ದಿ ಲಿಯಾಂಗಳ ಸಹೋದ್ಯೋಗಿಗಳಿದ್ದ ಅಬು ಹಲೀಫಾದ ಕಂಪನಿ ಫ್ಲ್ಯಾಟುಗಳನ್ನೆಲ್ಲ ಸುತ್ತಿತ್ತು. ಸಂಜೆ ಆರಕ್ಕೆ ಬಾಗಿಲ ಗಂಟೆ ಸದ್ದಾಯಿತು. ಸ್ನೇಹಾ ತೆಗೆದಳು. ಇಪ್ಪತ್ತೈದು, ಇಪ್ಪತ್ತಾರರ ಇಬ್ಬರು ಚೀನೀ ಎಂಜಿನಿಯರುಗಳು, ಒಬ್ಬ ಹುಡುಗಿ, ಒಬ್ಬ ಹುಡುಗ, ಕೈಯಲ್ಲಿ ಕಿತ್ತಳೆ ಹಣ್ಣಿನ ಪೆಟ್ಟಿಗೆ ಹಿಡಿದು ನಿಂತಿದ್ದರು. ಹುಡುಗ ಶಾಂಘೈಯ ಹೆಸರಾಂತ ವಿಶ್ವವಿದ್ಯಾಲಯದವನು, ಹುಡುಗಿ ಲಿಯಾಂಗಳ ಛಿಂಗ್‌ಹ್ವಾದವಳೇ. ಇಬ್ಬರೂ ಮುಂದಿನ ಪರೀಕ್ಷೆಗೆ ಕೂರುವವರು. ಕಿಟಕಿಯ ಪಾಠ ಹೇಳುವ ಲಾವ್‌ಶಿ ಇಲ್ಲೇ ಇದ್ದಾರಾ ಅಂತ ಕೇಳಿದರು.

"ಅವ್ವಾ, ಗುರುವಾರ ನಿನ್ನ ಫ್ಲೈಟ್ ಅದ," ಅಂದಳು ಸ್ನೇಹಾ, ಒಳಗೆ ತಿರುಗಿ. "ಬ್ಯಾಗ್ ಕಟ್ಟೂದು ಬಾಕಿ ಅದ. ಏನು ಹೇಳಲಿ ಇವರಿಗೆ?"

"ನಾಕು ದಿನ ಅದಾವಲ್ಲ," ಅಂದಳು ಅನ್ನಪೂರ್ಣೆವ್ವ. ಅಮರೇಶ ಆಗಲೇ ಟೇಬಲ್ಲಿನ ಒಂದು ತುದಿ ಹಿಡಿದಿದ್ದ. ಅವಳು ಇನ್ನೊಂದು ತುದಿಯನ್ನು ಹಿಡಿದು ಎತ್ತುತ್ತ, ಬಾಗಿಲ ಕಡೆ ನೋಡಿ, ರಾಯಚೂರು ಸಂತೆಯ ಹಿಂದಿಯಲ್ಲಿ ಕೇಳಿದಳು.

"ನಿಮ್ಮಿಬ್ಬರೊಳಗ ಮೊದಲ ಬಂದವರು ಯಾರು?"